ಹೊರಟ ಬಾಗಿಲಿಗೇ ಮರಳುವ ನಡಿಗೆ

ಬೆಳಗ್ಗೆ ಸ್ನಾನ ಮುಗಿಸಿ ಅರಳಿಕಟ್ಟೆಗೆ ಸುತ್ತು ಹಾಕುವ ಹಿರಿಯರನ್ನು ನೀವು ನೋಡಿರುತ್ತೀರಿ. ಹರಕೆ ಹೊತ್ತವರಂತೂ 48 ದಿನ, ದಿನಕ್ಕೆ 108 ಸುತ್ತು ಎಂದು ಲೆಕ್ಕವಿಟ್ಟು ಹಾಕುತ್ತಾರೆ. ಮಳೆ, ಮಂಡಿ ನೋವು, ಮನೆಗೆ ಬಂದ ನೆಂಟರು, ಯಾವುದೂ ಅವರಿಗೆ ನೆಪವಾಗುವುದಿಲ್ಲ. ಅದೇ ಹಿರಿಯರಿಗೆ ವೈದ್ಯರು ‘ಸಕ್ಕರೆ ಅಂಶ ಹೆಚ್ಚಾಗಿದೆ, ದಿನಾ ಅರ್ಧ ಗಂಟೆ ನಡೆಯಿರಿ’ ಎಂದು ಹೇಳಿದರೆ ಹದಿನೈದೇ ದಿನಕ್ಕೆ ನಡಿಗೆ ನಿಂತುಹೋಗುತ್ತದೆ. ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಸುತ್ತಿಗೆ ಒಂದು ಮೊದಲಿದೆ, ಒಂದು ಕೊನೆಯಿದೆ, ಎಣಿಕೆಯಿದೆ. ‘ಅರ್ಧ ಗಂಟೆ ನಡೆಯಿರಿ’ ಎಂಬ ಸಲಹೆಯಲ್ಲಿ ಎಲ್ಲಿಂದ ಎಲ್ಲಿಗೆ ಎಂಬುದೇ ಇಲ್ಲ.

ಆದ್ದರಿಂದ ಈ ವಾರ ನಡಿಗೆಯ ಲಾಭಗಳನ್ನಷ್ಟೇ ಹೇಳಿ ಮುಗಿಸದೆ, ನಡೆಯುವ ದಾರಿಯ ಬಗ್ಗೆಯೂ ಮಾತನಾಡೋಣ. ನಿಮ್ಮ ಮನೆ ಬಾಗಿಲಿನಿಂದ ಹೊರಟು, ಕೆರೆ ಏರಿ, ತೋಪು, ರೈಲು ದಾರಿಯ ಆಸುಪಾಸಿನ ಬಂಡಿ ದಾರಿ ಹಿಡಿದು, ಮತ್ತೆ ಅದೇ ಬಾಗಿಲಿಗೆ ಬಂದು ಸೇರುವ ಒಂದು ಸುತ್ತು ದಾರಿಯನ್ನು ನೀವೇ ಗುರುತು ಮಾಡಿಕೊಳ್ಳುವುದು ಹೇಗೆ ಎಂಬುದೇ ಇಂದಿನ ವಿಷಯ.

ವಿಜಯಪುರವನ್ನೇ ನೋಡಿ

ದೇವನಹಳ್ಳಿ ತಾಲ್ಲೂಕಿನ ವಿಜಯಪುರ ರೇಷ್ಮೆಯ ಊರು. ವಡಿಗೇನಹಳ್ಳಿ ಎಂಬುದು ಇದರ ಹಳೆಯ ಹೆಸರು. ಸುತ್ತಮುತ್ತ ಹಿಪ್ಪುನೇರಳೆ ಮತ್ತು ದ್ರಾಕ್ಷಿ ತೋಟಗಳು, ಊರೊಳಗೆ ಗೂಡಿನ ಮಾರುಕಟ್ಟೆ, ನೂಲು ಬಿಚ್ಚಾಣಿಕೆಯ ಘಟಕಗಳು. ಹೊರಗಿನಿಂದ ನೋಡಿದವರಿಗೆ ಇದು ದುಡಿಮೆಗಾರರ ಊರು. ಇಲ್ಲಿಯವರಿಗೆ ಪ್ರತ್ಯೇಕ ವ್ಯಾಯಾಮ ಏಕೆ ಎನ್ನಿಸಬಹುದು.

ಆದರೆ ಐವತ್ತು ದಾಟಿದ ಒಬ್ಬ ರೀಲರ್ ಯಜಮಾನರ ದಿನವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಳಗ್ಗೆ ಸ್ಕೂಟರಿನಲ್ಲಿ ಮಾರುಕಟ್ಟೆ. ಅಲ್ಲಿಂದ ಘಟಕ. ಘಟಕದಲ್ಲಿ ಕುರ್ಚಿ, ಲೆಕ್ಕದ ಪುಸ್ತಕ, ಎರಡು ಗಂಟೆಗೊಮ್ಮೆ ಕಾಫಿ. ಸಂಜೆ ಮತ್ತೆ ಸ್ಕೂಟರ್, ರಾತ್ರಿ ಟೀವಿ. ಘಟಕದಲ್ಲಿ ಬೇಸಿನ್ ಮುಂದೆ ಕುಳಿತ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ದುಡಿದರೂ ಆ ದುಡಿಮೆಯೆಲ್ಲ ಕೈಬೆರಳುಗಳದು. ಕಾಲು, ತೊಡೆ, ಹೃದಯಕ್ಕೆ ಅದರಲ್ಲಿ ಪಾಲಿಲ್ಲ. ದಣಿವು ಬೇರೆ, ವ್ಯಾಯಾಮ ಬೇರೆ ಎಂಬ ಸಂಗತಿ ನಮಗೆ ಇನ್ನೂ ಮನವರಿಕೆಯಾಗಬೇಕಿದೆ.

ಇದರ ಪರಿಣಾಮ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ವಯಸ್ಕರಲ್ಲಿ ಇದು ನೂರಕ್ಕೆ ಹನ್ನೊಂದಕ್ಕಿಂತ ಸ್ವಲ್ಪ ಹೆಚ್ಚು. ಇದು ಪಟ್ಟಣದವರ ರೋಗ, ಶ್ರೀಮಂತರ ರೋಗ ಎಂದು ಹಳ್ಳಿಯವರು ಸುಮ್ಮನಿರುವ ಕಾಲ ಹೋಯಿತು.

ನಡೆಯಬೇಕೆಂದು ಮನಸ್ಸು ಮಾಡಿದವರಿಗೂ ಒಂದು ತೊಡಕಿದೆ. ಎಲ್ಲಿ ನಡೆಯುವುದು? ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾದ ಮೇಲೆ ಈ ಭಾಗದ ರಸ್ತೆಗಳಲ್ಲಿ ವಾಹನ ಹೆಚ್ಚಿದೆ. ಮುಖ್ಯರಸ್ತೆಯ ಅಂಚಿನಲ್ಲಿ ಕತ್ತಲೆ ಹರಿಯುವ ಮುನ್ನ ನಡೆಯುವುದೆಂದರೆ ಲಾರಿಗಳ ಹೊಗೆಯನ್ನೂ ಅಪಾಯವನ್ನೂ ಕರೆದುಕೊಂಡಂತೆ. ಬಡಾವಣೆಗಳು ಎದ್ದಲ್ಲೆಲ್ಲ ತೋಪುಗಳೂ ಬಂಡಿ ದಾರಿಗಳೂ ಕಿರಿದಾಗುತ್ತಿವೆ. ಉಳಿದಿರುವ ದಾರಿಗಳನ್ನು ಜನ ಬಳಸಿದರೆ ಮಾತ್ರ ಅವು ದಾರಿಗಳಾಗಿ ಉಳಿಯುತ್ತವೆ.

ನಡೆದಾಗ ದೇಹದೊಳಗೆ ಏನಾಗುತ್ತದೆ?

ನಡಿಗೆಗೂ ಹೃದಯಕ್ಕೂ ಇರುವ ನಂಟನ್ನು ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಲಂಡನ್ನಿನ ಬಸ್ಸುಗಳು. ಜೆರ್ರಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರುಗಳಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಕಡಿಮೆ ಕಂಡುಬಂದಿತು. ಇಬ್ಬರೂ ಒಂದೇ ಬಸ್ಸಿನಲ್ಲಿ ಇರುವವರು. ಒಬ್ಬರು ಕುಳಿತವರು, ಇನ್ನೊಬ್ಬರು ಓಡಾಡಿದವರು.

ಮಧುಮೇಹಿಗಳ ವಿಷಯದಲ್ಲಿ ನಡಿಗೆಯ ಕೆಲಸ ಇನ್ನೂ ನೇರ. ನಮ್ಮ ತೊಡೆ, ಮೀನಖಂಡಗಳ ಸ್ನಾಯುಗಳು ದೇಹದ ದೊಡ್ಡ ಸಕ್ಕರೆ ಉಗ್ರಾಣಗಳು. ಸುಮ್ಮನೆ ಕುಳಿತಾಗ ಅವುಗಳ ಬಾಗಿಲು ತೆರೆಯಲು ಇನ್ಸುಲಿನ್ ಎಂಬ ಬೀಗದ ಕೈ ಬೇಕು. ಮಧುಮೇಹಿಗಳಲ್ಲಿ ಆ ಕೈ ಸವೆದಿರುತ್ತದೆ, ಇಲ್ಲವೇ ಸಾಕಷ್ಟು ಇರುವುದಿಲ್ಲ. ಆದರೆ ಸ್ನಾಯು ದುಡಿಯುತ್ತಿರುವಾಗ ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ನಡಿಗೆ ಮುಗಿದ ಮೇಲೂ ಹಲವು ಗಂಟೆ ಈ ಪ್ರಯೋಜನ ಉಳಿಯುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆದರೂ ಊಟದ ನಂತರ ಏರುವ ಸಕ್ಕರೆ ತಗ್ಗುತ್ತದೆ.

ಕ್ರಮವಾಗಿ ನಡೆಯುವವರಲ್ಲಿ ರಕ್ತದೊತ್ತಡ ಸ್ವಲ್ಪ ಇಳಿಯುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಹೆಚ್ಚಲು ನೆರವಾಗುತ್ತದೆ, ನಿದ್ದೆ ಸುಧಾರಿಸುತ್ತದೆ, ಮನಸ್ಸಿನ ದುಗುಡ ಕಡಿಮೆಯಾಗುತ್ತದೆ.

ತೂಕದ ಬಗ್ಗೆ ಮಾತ್ರ ಅತಿಯಾಸೆ ಬೇಡ. 60 ಕೆ.ಜಿ. ತೂಕದವರು 4 ಕಿ.ಮೀ. ನಡೆದರೆ ಖರ್ಚಾಗುವುದು ಸುಮಾರು 200 ಕ್ಯಾಲೊರಿ. ವಾಪಸು ಬರುವಾಗ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ತಿಂದರೆ ಅದಕ್ಕಿಂತ ಹೆಚ್ಚೇ ಒಳಗೆ ಹೋಗುತ್ತದೆ. ತೂಕ ಇಳಿಯಲು ತಟ್ಟೆಯ ಕಡೆಗೂ ಗಮನ ಬೇಕು. ತೂಕ ಇಳಿಯದಿದ್ದರೂ ನಡಿಗೆ ವ್ಯರ್ಥವಲ್ಲ. ಹೃದಯಕ್ಕೂ ಸಕ್ಕರೆಗೂ ಅದರ ಲಾಭ ಸಿಕ್ಕೇ ಸಿಗುತ್ತದೆ.

ಎಷ್ಟು ನಡೆಯಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಬಿರುಸಿನ ವ್ಯಾಯಾಮ ಮಾಡಬೇಕು. ಅಂದರೆ ವಾರದಲ್ಲಿ ಐದು ದಿನ, ದಿನಕ್ಕೆ ಕನಿಷ್ಠ ಅರ್ಧ ಗಂಟೆ. ಇದರ ಜೊತೆಗೆ ವಾರಕ್ಕೆರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಇರಬೇಕು. 65 ದಾಟಿದವರು ಸಮತೋಲನದ ಅಭ್ಯಾಸಗಳನ್ನೂ ಸೇರಿಸಿಕೊಳ್ಳಬೇಕು.

‘ಮಧ್ಯಮ ಬಿರುಸು’ ಎಂದರೇನು ಎಂಬ ಪ್ರಶ್ನೆಗೆ ಯಂತ್ರ ಬೇಕಿಲ್ಲ. ನಡೆಯುತ್ತಾ ಪಕ್ಕದವರೊಡನೆ ಮಾತನಾಡಲು ಆಗಬೇಕು, ಆದರೆ ಹಾಡು ಹೇಳಲು ಆಗಬಾರದು. ಮಾತೇ ಆಡಲಾಗದಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತು. ಸಲೀಸಾಗಿ ಹಾಡುವಂತಿದ್ದರೆ ಸಾಲದು. ಸಾಮಾನ್ಯವಾಗಿ ನಿಮಿಷಕ್ಕೆ ನೂರು ಹೆಜ್ಜೆ ಬಿದ್ದರೆ ಅದು ಸರಿಯಾದ ಬಿರುಸು.

ದಿನಕ್ಕೆ 10,000 ಹೆಜ್ಜೆ ನಡೆಯಲೇಬೇಕೆಂದು ಕೆಲವರು ಹಟ ಹಿಡಿಯುತ್ತಾರೆ. ಈ ಸಂಖ್ಯೆ ಬಂದದ್ದು ವೈದ್ಯಶಾಸ್ತ್ರದಿಂದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಒಂದು ಸಾಧನದ ಹೆಸರೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದಿತ್ತು. ಇತ್ತೀಚಿನ ಅಧ್ಯಯನಗಳ ಪ್ರಕಾರ 7,000 ಹೆಜ್ಜೆಗಳ ಆಸುಪಾಸಿನಲ್ಲೇ ಹೆಚ್ಚಿನ ಲಾಭ ದೊರೆಯುತ್ತದೆ. ಮನೆಗೆಲಸ, ಅಂಗಡಿ ಓಡಾಟದ ಹೆಜ್ಜೆಗಳೂ ಇದರಲ್ಲಿ ಸೇರುತ್ತವೆ. 2,000 ಹೆಜ್ಜೆ ನಡೆಯುತ್ತಿದ್ದವರು 4,000 ನಡೆದರೂ ಲಾಭವೇ.

ಸುತ್ತು ದಾರಿಯೇ ಏಕೆ?

ಹೋದ ದಾರಿಯಲ್ಲೇ ಹಿಂದಿರುಗುವ ನಡಿಗೆಯಲ್ಲಿ ಎಲ್ಲಿ ಬೇಕಾದರೂ ತಿರುಗಿಬಿಡಬಹುದು. ಇಂದು ಸೇತುವೆಯವರೆಗೆ, ನಾಳೆ ಅಂಗಡಿಯವರೆಗೆ, ನಾಡಿದ್ದು ಗೇಟಿನವರೆಗೆ ಎಂದು ದೂರ ಕರಗುತ್ತಾ ಹೋಗುತ್ತದೆ. ಸುತ್ತು ದಾರಿಯಲ್ಲಿ ಅರ್ಧ ದಾಟಿದ ಮೇಲೆ ಮುಂದೆ ಹೋಗುವುದೇ ಮನೆಗೆ ಹತ್ತಿರ. ದೂರ ಎಂದಿಗೂ ಅಷ್ಟೇ ಇರುವುದರಿಂದ ನಿಮ್ಮ ಸುಧಾರಣೆಯೂ ತಿಳಿಯುತ್ತದೆ. ಮೊದಲ ವಾರ 55 ನಿಮಿಷ ಹಿಡಿದ ಸುತ್ತು ಎರಡು ತಿಂಗಳಿಗೆ ಅದೇ ಉಸಿರಿನಲ್ಲಿ 45 ನಿಮಿಷಕ್ಕೆ ಮುಗಿದರೆ ಹೃದಯ ಬಲಗೊಂಡಿದೆ ಎಂದರ್ಥ.

ಇನ್ನೊಂದು ಲಾಭವೆಂದರೆ ನೆಲದ ವೈವಿಧ್ಯ. ಮನೆಯ ಮುಂದಿನ ಕಾಂಕ್ರೀಟು, ಕೆರೆ ಏರಿಯ ಗಟ್ಟಿ ಮಣ್ಣು, ತೋಪಿನ ಒಣಗಿದ ಎಲೆ, ಬಂಡಿ ದಾರಿಯ ಏರುಪೇರು, ಇವುಗಳ ಮೇಲೆ ಪಾದ ಬೇರೆ ಬೇರೆ ರೀತಿಯಲ್ಲಿ ಊರುತ್ತದೆ. ಕಣಕಾಲಿನ ಸಣ್ಣ ಸ್ನಾಯುಗಳಿಗೂ ದೇಹದ ಸಮತೋಲನಕ್ಕೂ ಇದು ಒಳ್ಳೆಯ ಅಭ್ಯಾಸ. ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದನ್ನು ತಪ್ಪಿಸುವಲ್ಲಿ ಸಮತೋಲನದ್ದೇ ದೊಡ್ಡ ಪಾತ್ರ. ಒಂದು ದಿನ ಬಲಸುತ್ತು, ಮರುದಿನ ಎಡಸುತ್ತು ಹಾಕಿದರೆ ರಸ್ತೆಯ ಇಳಿಜಾರು ಒಂದೇ ಕಾಲಿಗೆ ಭಾರವಾಗುವುದೂ ತಪ್ಪುತ್ತದೆ.

ತೋಪಿನ ದಾರಿ

ನಿಮ್ಮ ಸುತ್ತಿನಲ್ಲಿ ಮೂರನೇ ಒಂದು ಭಾಗವಾದರೂ ಮರಗಳ ನೆರಳಿರಲಿ. ಬೆಂಗಳೂರು ಗ್ರಾಮಾಂತರದಲ್ಲಿ ಹುಣಸೆ, ಮಾವು, ಹೊಂಗೆಯ ತೋಪುಗಳಿವೆ. ಅದಕ್ಕಿಂತ ಹೆಚ್ಚಾಗಿ ಕಾಣುವುದು ನೀಲಗಿರಿ. ಈ ಮರಕ್ಕೂ ಈ ಸೀಮೆಗೂ ಹಳೆಯ ನಂಟು. ಭಾರತದಲ್ಲಿ ಮೊದಲಿಗೆ ನೀಲಗಿರಿ ಗಿಡಗಳನ್ನು ನೆಡಿಸಿದವನು ಟಿಪ್ಪು ಸುಲ್ತಾನ್, ಅದೂ 1790ರ ಸುಮಾರಿಗೆ ನಂದಿಬೆಟ್ಟದ ಮೇಲಿನ ತನ್ನ ತೋಟದಲ್ಲಿ ಎಂಬುದು ಸಸ್ಯ ಚರಿತ್ರೆಯಲ್ಲಿ ದಾಖಲಾಗಿದೆ. ಅಂತರ್ಜಲದ ಚಿಂತೆಯಿಂದ ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು.

ನೀಲಗಿರಿ ಗಾಳಿ ಕುಡಿದರೆ ಉಬ್ಬಸ ವಾಸಿಯಾಗುತ್ತದೆ ಎಂದು ಕೆಲವರು ನಂಬುತ್ತಾರೆ. ಅದು ನಿಜವಲ್ಲ. ಕೆಲವರಿಗೆ ಆ ಘಾಟೇ ಉಸಿರನ್ನು ಕೆರಳಿಸಬಹುದು. ಆದರೆ ಮರಗಳ ನಡುವೆ ನಡೆಯುವುದರಿಂದ ಮನಸ್ಸು ಹಗುರವಾಗುತ್ತದೆ ಎಂಬುದಕ್ಕೆ ಆಧಾರಗಳಿವೆ. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ‘ಕಾಡಿನ ಸ್ನಾನ’ ಎಂಬ ಹೆಸರಿನಲ್ಲಿ ಇದನ್ನು ಜನರಿಗೆ ಹೇಳತೊಡಗಿತು. ಅಲ್ಲಿಂದೀಚೆಗೆ ನಡೆದ ಅಧ್ಯಯನಗಳಲ್ಲಿ ಕಾಡಿನ ನಡಿಗೆಯ ನಂತರ ನಾಡಿಬಡಿತ, ರಕ್ತದೊತ್ತಡ ತುಸು ಇಳಿದದ್ದು ಕಂಡುಬಂದಿದೆ. ನೆರಳು, ನಿಶ್ಶಬ್ದ, ಹಕ್ಕಿಗಳ ದನಿ, ಇವಕ್ಕೆ ಔಷಧಿ ಅಂಗಡಿಯ ಚೀಟಿ ಬೇಕಿಲ್ಲ.

ತೋಪಿನಲ್ಲಿ ಕೆಲವು ಎಚ್ಚರಿಕೆಗಳು ಬೇಕು. ದಾರಿಯಂಚಿನ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಹಲವರಲ್ಲಿ ಸೀನು, ಕಣ್ಣುರಿ, ಚರ್ಮದ ತುರಿಕೆ ತರುತ್ತದೆ. ಅಲರ್ಜಿ ಇರುವವರು ಅದು ಹೂ ಬಿಟ್ಟ ಕಾಲದಲ್ಲಿ ಬೇರೆ ದಾರಿ ಹಿಡಿಯಲಿ. ಬರಿಗೈಯಲ್ಲಿ ಕೀಳಬೇಡಿ.

ಹಾವಿನ ಭಯಕ್ಕೆ ಮದ್ದು ಬೆಳಕು ಮತ್ತು ಚಪ್ಪಲಿಗಿಂತ ಭದ್ರವಾದ ಬೂಟು. ಕತ್ತಲಿದ್ದರೆ ಬ್ಯಾಟರಿ ಇಲ್ಲದೆ ತೋಪಿಗೆ ಕಾಲಿಡಬೇಡಿ. ಎಲೆಯ ರಾಶಿ, ಕಲ್ಲುಗುಡ್ಡೆಗಳೊಳಗೆ ಕೈ ಹಾಕಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದು ಹಚ್ಚುವುದು ಬೇಡ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ, ಪ್ರತಿವಿಷ ಚುಚ್ಚುಮದ್ದು ಇರುವ ಆಸ್ಪತ್ರೆಗೆ ತಡಮಾಡದೆ ಸಾಗಿಸಿ. ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆ ಆರಂಭಿಸಿ.

ಕೆರೆ ಏರಿಯ ಮೇಲೆ ನಡೆಯುವವರಿಗೂ ಒಂದು ಮಾತು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಈ ಭಾಗದ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಅಂತರ್ಜಲಕ್ಕೆಂದು ಬಿಟ್ಟ ನೀರಿದು. ಕೆರೆಯ ನೀರಿನಲ್ಲಿ ಮುಖ ತೊಳೆಯುವುದು, ಕುಡಿಯುವುದು ಬೇಡ. ಕುಡಿಯುವ ನೀರು ಮನೆಯಿಂದಲೇ ಬರಲಿ.

ರೈಲು ದಾರಿ ಕಲಿಸುವ ಪಾಠ

ವಿಜಯಪುರದ ಪಡುವಣಕ್ಕೆ ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆ, ನಂದಿ ಹಾಲ್ಟ್ ಮೂಲಕ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ದಾರಿಯಿದೆ. ಮೈಸೂರು ಅರಸರ ಕಾಲದಲ್ಲಿ, 1910ರ ದಶಕದಲ್ಲಿ, ಇದು ಎರಡೂವರೆ ಅಡಿ ಅಗಲದ ಕಂಬಿಗಳ ಮೇಲೆ ಓಡುವ ಚಿಕ್ಕ ರೈಲಾಗಿ ಹುಟ್ಟಿತು. ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರದ ಮೂಲಕ ಬಂಗಾರಪೇಟೆಗೆ ಈ ಚಿಕ್ಕ ರೈಲು ಕೊಂಡಿಯಾಗಿತ್ತು. ಆಮೇಲೆ ಚಿಕ್ಕ ಕಂಬಿಗಳು ಹೋಗಿ ಬ್ರಾಡ್‌ಗೇಜ್ ಬಂದಿತು. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ಭಾಗ ಮಾತ್ರ ಹಲವು ವರ್ಷ ರೈಲಿಲ್ಲದೆ ಬಿದ್ದಿದ್ದು 2013ರಲ್ಲಿ ಬ್ರಾಡ್‌ಗೇಜ್ ಆಗಿ ಮತ್ತೆ ತೆರೆಯಿತು.

ಆರೋಗ್ಯದ ಅಂಕಣದಲ್ಲಿ ರೈಲಿನ ಮಾತೇಕೆ? ರೈಲು ದಾರಿಯ ಮಟ್ಟಕ್ಕೂ ನಮ್ಮ ಹೃದಯಕ್ಕೂ ಸಂಬಂಧವಿದೆ. ಉಕ್ಕಿನ ಗಾಲಿ ಉಕ್ಕಿನ ಕಂಬಿಯ ಮೇಲೆ ಜಾರುತ್ತದೆ. ಆದ್ದರಿಂದ ರೈಲಿಗೆ ಕಡಿದಾದ ಏರು ಹತ್ತಲಾಗದು. ದಿಣ್ಣೆ ಬಂದರೆ ಕಡಿದು, ತಗ್ಗು ಬಂದರೆ ಮಣ್ಣು ತುಂಬಿ, ಗುಡ್ಡ ಬಂದರೆ ಬಳಸಿ, ದಾರಿಯನ್ನು ಮಟ್ಟಸವಾಗಿ ಒಯ್ಯುತ್ತಾರೆ. ಬಯಲು ಸೀಮೆಯ ರೈಲು ದಾರಿ ಸಾಮಾನ್ಯವಾಗಿ ನೂರು ಮೀಟರಿಗೆ ಒಂದು ಮೀಟರಿನ ಆಸುಪಾಸಿನಲ್ಲಿ ಏರುತ್ತದೆ. ನಡೆಯುವವರಿಗೆ ಇದು ಏರೆಂದೇ ಅನ್ನಿಸುವುದಿಲ್ಲ. ಅದೇ ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ, ಅದೇ ವೇಗಕ್ಕೆ, ದೇಹಕ್ಕೆ ಬೇಕಾಗುವ ಆಮ್ಲಜನಕ ಸಮತಟ್ಟಿನ ನಡಿಗೆಯ ಒಂದೂವರೆ ಪಟ್ಟನ್ನೂ ಮೀರುತ್ತದೆ. ಹೃದಯಾಘಾತದಿಂದ ಚೇತರಿಸಿಕೊಂಡವರು, ಮಂಡಿ ಸವೆದವರು, ಬಸುರಿಯರು, ಹೊಸದಾಗಿ ನಡೆಯಲು ಶುರುಮಾಡಿದವರು, ಇವರಿಗೆಲ್ಲ ರೈಲಿನಂಥ ಮಟ್ಟಸ ದಾರಿಯೇ ಹಿತ.

ಈ ಕಾರಣಕ್ಕೇ ಹೊರದೇಶಗಳಲ್ಲಿ ರೈಲು ನಿಂತುಹೋದ ದಾರಿಗಳನ್ನು ನಡಿಗೆಯ ದಾರಿಗಳನ್ನಾಗಿ ಮಾಡಿದ್ದಾರೆ. ಅಮೆರಿಕದಲ್ಲಿ ಇದಕ್ಕೆಂದೇ ಒಂದು ಸಂಸ್ಥೆ 1986ರಲ್ಲಿ ಹುಟ್ಟಿತು. ಸ್ಪೇನ್ 1993ರಲ್ಲಿ ‘ಹಸಿರು ದಾರಿ’ ಯೋಜನೆ ಆರಂಭಿಸಿತು. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ 1968ರಲ್ಲಿ ಮುಚ್ಚಿದ ರೈಲು ದಾರಿಯೊಂದು 1981ರಲ್ಲಿ ಕಾಲುದಾರಿಯಾಯಿತು. ಅದರ ಸುರಂಗಗಳೂ 2011ರಲ್ಲಿ ತೆರೆದವು. ಗಾಲಿಕುರ್ಚಿಯಲ್ಲಿರುವವರೂ ಅಲ್ಲಿ ಓಡಾಡುತ್ತಾರೆ.

ನಮ್ಮಲ್ಲಿ ಪರಿಸ್ಥಿತಿ ಬೇರೆ. ಇಲ್ಲಿ ನಿಂತ ರೈಲು ಮತ್ತೆ ಬರುತ್ತದೆ. ಚಿಕ್ಕಬಳ್ಳಾಪುರ–ಕೋಲಾರದಲ್ಲಿ ಆದದ್ದೂ ಅದೇ. ಇನ್ನೂ ಹೆಸರುವಾಸಿಯಾದ ಉದಾಹರಣೆ ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟ ಇಳಿಯುವ ದಾರಿ. ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಪೂರ್ಣಗೊಂಡಿತ್ತು. 1990ರ ದಶಕದ ಉತ್ತರಾರ್ಧದಲ್ಲಿ ಬ್ರಾಡ್‌ಗೇಜ್ ಪರಿವರ್ತನೆಗೆಂದು ಇದನ್ನು ಮುಚ್ಚಿದಾಗ, ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆಗಳ ಆ ಕಾಡಿನ ದಾರಿ ಚಾರಣಿಗರ ಸ್ವರ್ಗವಾಯಿತು. ಐವತ್ತು ಮೀಟರಿಗೆ ಒಂದು ಮೀಟರ್ ಏರುವ ಆ ದಾರಿಯಲ್ಲಿ ಘಟ್ಟವನ್ನು ಬೆವರದೆ ಹತ್ತಬಹುದಿತ್ತು. ಆದರೆ 2006ರಲ್ಲಿ ಗೂಡ್ಸ್ ರೈಲುಗಳೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲುಗಳೂ ಮರಳಿದವು. ಹಳೆಯ ನೆನಪಿನಲ್ಲಿ ಇಂದಿಗೂ ಅಲ್ಲಿ ನಡೆಯಲು ಹೋಗುವವರಿದ್ದಾರೆ. ಸುರಂಗದೊಳಗೆ ರೈಲು ಎದುರಾದರೆ ಪಕ್ಕಕ್ಕೆ ಸರಿಯಲು ಜಾಗ ಸಿಗುವುದು ಕಷ್ಟ. ಅಲ್ಲಿ ಈಗ ನಡೆಯುವಂತಿಲ್ಲ.

ವಿಜಯಪುರದ ಕಡೆಯವರಿಗೂ ಇದೇ ಮಾತು. ಚಿಕ್ಕ ರೈಲಿನ ಕಾಲದಲ್ಲಿ ಕಂಬಿಯ ಮೇಲೆ ನಡೆದು ಸ್ಕೂಲಿಗೆ ಹೋಗುತ್ತಿದ್ದೆವು ಎಂದು ತಾತಂದಿರು ಹೇಳಬಹುದು. ಇಂದಿನ ರೈಲು ಅಷ್ಟು ಸದ್ದು ಮಾಡುವುದಿಲ್ಲ, ಅಷ್ಟು ನಿಧಾನವೂ ಅಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಂಬಿಯ ಮೇಲೆ ನಡೆಯುವ ಹುಡುಗರನ್ನು ಕಂಡರೆ ಕೂಗಿ ನಿಲ್ಲಿಸಿ. ರೈಲ್ವೆ ಜಾಗದಲ್ಲಿ ಅನುಮತಿಯಿಲ್ಲದೆ ಓಡಾಡುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಅಲ್ಲದೆ ಆರೋಗ್ಯಕ್ಕೂ ಅದು ಒಳ್ಳೆಯ ನಡಿಗೆಯಲ್ಲ. ಸ್ಲೀಪರುಗಳ ಅಂತರ ನಮ್ಮ ಹೆಜ್ಜೆಗೆ ಹೊಂದುವುದಿಲ್ಲ. ಜಲ್ಲಿಯ ಮೇಲೆ ಕಾಲು ಹೊರಳಿ ಕಣಕಾಲು ಉಳುಕುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ರೈಲ್ವೆ ಗಡಿಕಲ್ಲಿನ ಹೊರಗೆ, ಕಂಬಿಗೆ ಸಮಾನಾಂತರವಾಗಿ ಹೊಲಗಳ ನಡುವೆ ಬಂಡಿ ದಾರಿ ಇದ್ದರೆ ಅದನ್ನು ಬಳಸಿ. ರೈಲು ಇರುವ ನೆಲ ಮಟ್ಟಸವಾಗಿದ್ದರೆ ಪಕ್ಕದ ದಾರಿಯೂ ಬಹುಮಟ್ಟಿಗೆ ಮಟ್ಟಸವಾಗಿಯೇ ಇರುತ್ತದೆ. ಕಂಬಿ ದಾಟಬೇಕಾದಲ್ಲಿ ಗೇಟು ಅಥವಾ ಕೆಳಸೇತುವೆಯಲ್ಲೇ ದಾಟಿ. ಕೆಳಸೇತುವೆಯಲ್ಲಿ ಮಳೆನೀರು ನಿಂತಿದ್ದರೆ ಆ ದಿನ ಹಿಂದಿರುಗಿ.

ನಿಮ್ಮ ಸುತ್ತನ್ನು ನೀವೇ ಗುರುತಿಸಿ

ಒಂದು ಭಾನುವಾರ ಮನೆಮಂದಿಯೆಲ್ಲ ಸೇರಿ ಈ ಕೆಲಸ ಮಾಡಿ. ಮಕ್ಕಳಿಗೆ ಇದೊಂದು ಆಟವಾಗುತ್ತದೆ.

ಮೊದಲು ಊರಿನ ಹಿರಿಯರನ್ನು ಕೇಳಿ. ಯಾವ ಬಂಡಿ ದಾರಿ ಯಾವ ಹಳ್ಳಿಗೆ ಸೇರುತ್ತದೆ ಎಂಬುದು ಅವರಿಗೆ ಗೊತ್ತು. ಗ್ರಾಮ ನಕಾಶೆಯಲ್ಲಿ ಕಾಣುವ ಬಂಡಿ ದಾರಿ, ಕಾಲುದಾರಿಗಳು ಎಲ್ಲರ ಓಡಾಟಕ್ಕೆ ಇರುವಂಥವು. ಖಾಸಗಿ ತೋಟದ ಬದುವಿನ ಮೇಲೆ ಹೋಗಬೇಕಾದರೆ ತೋಟದವರನ್ನು ಕೇಳಿಯೇ ಹೋಗಿ. ಹಿಪ್ಪುನೇರಳೆಗೆ ಔಷಧಿ ಹೊಡೆದ ದಿನ ಆ ಕಡೆ ಬೇಡ.

ಒಂದರೊಳಗೊಂದು ಮೂರು ಸುತ್ತುಗಳನ್ನು ಗುರುತಿಸಿ. ಒಂದೂವರೆ ಕಿ.ಮೀ.ಗಳ ಚಿಕ್ಕ ಸುತ್ತು, ಮೂರು ಕಿ.ಮೀ.ಗಳ ನಡು ಸುತ್ತು, ಐದಾರು ಕಿ.ಮೀ.ಗಳ ದೊಡ್ಡ ಸುತ್ತು. ಒಂದು ಕಿ.ಮೀ.ಗೆ ಸುಮಾರು 1,500 ಹೆಜ್ಜೆ ಬೀಳುತ್ತದೆ ಎಂಬ ಅಂದಾಜಿನಲ್ಲಿ ಎಣಿಸಬಹುದು. ಕುಳಿತು ಸುಧಾರಿಸಿಕೊಳ್ಳಲು ಒಂದು ಕಟ್ಟೆ, ಮಳೆ ಬಂದರೆ ನಿಲ್ಲಲು ಒಂದು ಮಾಡು, ಆಟೋ ಸಿಗುವ ಒಂದು ರಸ್ತೆ ದಾರಿಯಲ್ಲಿರಲಿ. ಮುಖ್ಯರಸ್ತೆಯ ಮೇಲೆ ನಡೆಯಲೇಬೇಕಾದ ಭಾಗದಲ್ಲಿ ಬಲಗಡೆ ನಡೆಯಿರಿ, ಎದುರು ಬರುವ ವಾಹನ ಕಣ್ಣಿಗೆ ಬೀಳುತ್ತದೆ. ತಿಳಿ ಬಣ್ಣದ ಬಟ್ಟೆ ತೊಡಿ.

ಹೊಸದಾಗಿ ಶುರುಮಾಡುವವರು ಈ ಕ್ರಮ ಅನುಸರಿಸಬಹುದು:

ಮೊದಲ ಎರಡು ವಾರ: ವಾರಕ್ಕೆ ಐದು ದಿನ ಚಿಕ್ಕ ಸುತ್ತು, ನಿಮಗೆ ಹಿತವಾದ ವೇಗದಲ್ಲಿ.

3 ಮತ್ತು 4ನೇ ವಾರ: ಅದೇ ಚಿಕ್ಕ ಸುತ್ತು, ನಡುವಿನ ಹತ್ತು ನಿಮಿಷ ಬಿರುಸಾಗಿ.

5 ಮತ್ತು 6ನೇ ವಾರ: ನಡು ಸುತ್ತು, ಸುಮಾರು 35ರಿಂದ 40 ನಿಮಿಷ.

7ನೇ ವಾರದಿಂದ: ನಡು ಸುತ್ತನ್ನೇ ಬಿರುಸಾಗಿ ಐದು ದಿನ. ಭಾನುವಾರ ಮನೆಯವರೊಡನೆ ದೊಡ್ಡ ಸುತ್ತು.

ಪ್ರತಿ ದಿನವೂ ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ನಿಧಾನವಾಗಿ ನಡೆಯಿರಿ. ತಪ್ಪಿದ ದಿನದ ಬಾಕಿಯನ್ನು ಮರುದಿನ ಬಡ್ಡಿ ಸಮೇತ ತೀರಿಸಲು ಹೋಗಬೇಡಿ. ಒಂದು ವಾರ ಜ್ವರದಲ್ಲಿ ಮಲಗಿದ್ದರೆ ಹಿಂದಿನ ಹಂತದಿಂದ ಮತ್ತೆ ಶುರುಮಾಡಿ.

ಹೆಂಗಸರ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಬೆಳಗಿನ ಹೊತ್ತು ಮನೆಯ ಗಂಡಸರು ನಡಿಗೆಗೆ ಹೊರಟಾಗ ಹೆಂಗಸರು ತಿಂಡಿಗೆ ನಿಂತಿರುತ್ತಾರೆ. ಸಂಜೆ ಒಂಟಿಯಾಗಿ ತೋಪಿನ ಕಡೆ ಹೋಗುವುದಕ್ಕೆ ಅಂಜಿಕೆ. ಓಣಿಯ ನಾಲ್ಕು ಜನ ಸೇರಿ ಒಂದು ಹೊತ್ತು ಗೊತ್ತುಮಾಡಿಕೊಂಡರೆ ಎರಡೂ ಸಮಸ್ಯೆ ನೀಗುತ್ತದೆ. ಆ ಅರ್ಧ ಗಂಟೆ ಒಲೆಯ ಮುಂದೆ ಗಂಡಸರು ನಿಲ್ಲಲಿ.

ಬಿಡುವಿನ ದಿನಕ್ಕೆ ಇನ್ನೊಂದು ಸಲಹೆ. ಚಿಕ್ಕಬಳ್ಳಾಪುರದ ರೈಲಿನಲ್ಲಿ ನಂದಿ ಹಾಲ್ಟ್‌ಗೆ ಹೋಗಿ. ಮೊದಲೇ ವೇಳೆ ನೋಡಿಕೊಳ್ಳಿ, ರೈಲುಗಳು ಕಡಿಮೆ. ನಿಲ್ದಾಣದಿಂದ ನಂದಿ ಗ್ರಾಮದ ಪ್ರಾಚೀನ ಭೋಗನಂದೀಶ್ವರ ದೇವಾಲಯಕ್ಕೆ ನಡೆದೇ ಹೋಗಬಹುದು. ಅಲ್ಲಿಯ ವಿಶಾಲ ಪ್ರಾಕಾರಕ್ಕೆ ಒಂದು ಸುತ್ತು ಹಾಕಿ ಬೇರೆ ದಾರಿಯಿಂದ ನಿಲ್ದಾಣಕ್ಕೆ ಮರಳಿ. 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ಮೆಟ್ಟಿಲಿನಲ್ಲಿ ಹತ್ತುವ ಸಾಹಸವನ್ನು ಹೃದ್ರೋಗಿಗಳೂ ಮಂಡಿ ನೋವಿನವರೂ ಮಾಡಬಾರದು. ಬೆಟ್ಟದಂಚಿನ ಕುರುಚಲು ಕಾಡಿನಲ್ಲಿ ಚಿರತೆಗಳ ಓಡಾಟವಿರುವುದರಿಂದ ಬೆಳಕು ಹರಿಯುವ ಮುನ್ನ, ಕತ್ತಲಾದ ಮೇಲೆ ಹೋಗಬೇಡಿ.

ಯಾರು ಎಚ್ಚರ ವಹಿಸಬೇಕು?

ಮಧುಮೇಹಿಗಳು: ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ನಡಿಗೆಯ ನಡುವೆ ಸಕ್ಕರೆ ತೀರಾ ಇಳಿಯಬಹುದು. ಬೆವರು, ಕೈನಡುಕ, ಎದೆ ಹೊಡೆದುಕೊಳ್ಳುವುದು, ಕಣ್ಣು ಮಂಜಾಗುವುದು ಇದರ ಲಕ್ಷಣ. ಜೇಬಿನಲ್ಲಿ ಮೂರು ಚಮಚೆ ಸಕ್ಕರೆಯ ಪೊಟ್ಟಣ ಸದಾ ಇರಲಿ. ಲಕ್ಷಣ ಕಂಡರೆ ಕುಳಿತು ಅದನ್ನು ತಿನ್ನಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ತಿನ್ನಿ. ಬರಿಗಾಲಿನ ನಡಿಗೆ ಬೇಡವೇ ಬೇಡ. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ, ಆ ಮುಳ್ಳೇ ಮುಂದೆ ಕಾಲು ಕಳೆಯುವ ಗಾಯವಾಗಬಹುದು. ಮನೆಗೆ ಬಂದ ಕೂಡಲೇ ಎರಡೂ ಪಾದಗಳನ್ನು ತಿರುಗಿಸಿ ನೋಡಿಕೊಳ್ಳಿ. ಬೂಟಿನೊಳಗೆ ಕೈಯಾಡಿಸಿಯೇ ಹಾಕಿಕೊಳ್ಳಿ.

ಹೃದ್ರೋಗಿಗಳು: ನಡಿಗೆ ಶುರುಮಾಡುವ ಮುನ್ನ ವೈದ್ಯರಿಗೆ ತೋರಿಸಿ. ನಡೆಯುವಾಗ ಎದೆಯಲ್ಲಿ ಒತ್ತಿದಂತೆ, ಹಿಂಡಿದಂತೆ ಆದರೆ, ನೋವು ಎಡಗೈಗೆ, ಗಂಟಲಿಗೆ, ದವಡೆಗೆ ಹರಿದರೆ, ತಣ್ಣನೆ ಬೆವರಿದರೆ ‘ಗ್ಯಾಸ್ಟ್ರಿಕ್’ ಎಂದು ಮುಂದುವರಿಯಬೇಡಿ. ಅಲ್ಲೇ ಕುಳಿತು 108ಕ್ಕೆ ಕರೆ ಮಾಡಿಸಿ.

ಉಬ್ಬಸದವರು: ಬಿಚ್ಚಾಣಿಕೆ ಘಟಕದ ಹೊಗೆ, ಆವಿಯಲ್ಲಿ ದುಡಿಯುವವರಲ್ಲಿ ಉಬ್ಬಸ ಹೊಸದೇನಲ್ಲ. ಡಿಸೆಂಬರ್, ಜನವರಿಯ ಮಂಜಿನ ಬೆಳಗುಗಳಲ್ಲಿ ಬಿಸಿಲು ಬಂದ ಮೇಲೆ ಹೊರಡಿ. ಮೂಗಿನಲ್ಲೇ ಉಸಿರಾಡಿ. ವೈದ್ಯರು ಕೊಟ್ಟ ಇನ್‌ಹೇಲರ್ ಜೊತೆಗಿರಲಿ.

ಮಂಡಿ ನೋವಿನವರು: ನಡೆದರೆ ಮಂಡಿ ಸವೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ತೊಡೆಯ ಸ್ನಾಯು ಬಲಿತಷ್ಟೂ ಮಂಡಿಯ ಮೇಲಿನ ಹೊರೆ ತಗ್ಗುತ್ತದೆ. ಮಟ್ಟಸ ದಾರಿ, ಮೆತ್ತನೆಯ ಬೂಟು, ಬೇಕಾದರೆ ಊರುಗೋಲು ಸಾಕು. ನಡಿಗೆಯ ನಂತರದ ನೋವು ಎರಡು ಗಂಟೆಗೂ ಮೀರಿ ಉಳಿದರೆ ಮರುದಿನ ದೂರ ಕಡಿಮೆ ಮಾಡಿ. ಮಂಡಿ ಊದಿಕೊಂಡು ಬಿಸಿಯಾಗಿದ್ದರೆ ವೈದ್ಯರಿಗೆ ತೋರಿಸಿ.

ಬೇಸಿಗೆಯಲ್ಲಿ ಎಲ್ಲರೂ ಬೆಳಗ್ಗೆ ಎಂಟರೊಳಗೆ ಮನೆ ಸೇರುವಂತೆ ಹೊರಡಬೇಕು. ರಕ್ತದೊತ್ತಡದ ಮಾತ್ರೆಯನ್ನಾಗಲಿ ಸಕ್ಕರೆಯ ಮಾತ್ರೆಯನ್ನಾಗಲಿ ‘ಈಗ ನಡೆಯುತ್ತಿದ್ದೇನಲ್ಲ’ ಎಂದು ನೀವೇ ಬಿಟ್ಟುಬಿಡಬೇಡಿ. ಕಡಿಮೆ ಮಾಡಬೇಕೇ ಬೇಡವೇ ಎಂಬುದನ್ನು ಪರೀಕ್ಷೆಯ ವರದಿ ನೋಡಿ ವೈದ್ಯರು ಹೇಳಲಿ.

ಕೊನೆಯದಾಗಿ ಒಂದು ಕೋರಿಕೆ. ಈ ಭಾನುವಾರ ನಿಮ್ಮ ಊರಿನ ಸುತ್ತು ದಾರಿಯನ್ನು ಒಮ್ಮೆ ನಡೆದು ನೋಡಿ. ಎಲ್ಲಿ ದಾರಿಗೆ ಬೇಲಿ ಬಂದಿದೆ, ಎಲ್ಲಿ ತೋಪಿನಂಚಿನಲ್ಲಿ ಕಸ ಸುರಿದಿದ್ದಾರೆ, ಎಲ್ಲಿ ದೀಪವಿಲ್ಲ ಎಂಬುದನ್ನು ಬರೆದುಕೊಂಡು ಪುರಸಭೆಗೋ ಗ್ರಾಮ ಪಂಚಾಯಿತಿಗೋ ಒಂದು ಅರ್ಜಿ ಕೊಡಿ. ನಾಲ್ಕು ಜನ ದಿನವೂ ನಡೆಯುವ ದಾರಿಯನ್ನು ಮುಚ್ಚುವುದು ಸುಲಭವಲ್ಲ. ನಿಮ್ಮ ಸಕ್ಕರೆ, ರಕ್ತದೊತ್ತಡದ ಜೊತೆಗೆ ನಿಮ್ಮ ಮಕ್ಕಳು ನಡೆಯಬೇಕಾದ ದಾರಿಯೂ ಇದರಿಂದ ಉಳಿಯುತ್ತದೆ.